ನರೋಡಾ ಬಸ್ಸಿನಲ್ಲಿ ನಿಂತ ಉಸಿರು

ಮೊದಲು ಕೈಕೊಟ್ಟದ್ದು ವಾಕ್ಯಗಳು.

ನವೆಂಬರಿನ ಒಂದು ಭಾನುವಾರ ಹುಬ್ಬಳ್ಳಿಯಲ್ಲಿರುವ ಅವ್ವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ದೀಪಾವಳಿಗೆ ಬಂದ ನೆಂಟರ ಸುದ್ದಿ ಏನೋ ಹೇಳುತ್ತಿದ್ದೆ. ಅವ್ವ ನಡುವೆಯೇ ತಡೆದಳು.

“ಯಾಕವಾ ಶೈಲಾ, ಓಡ್ಕೋತ ಬಂದಿಯೇನು? ಮಾತು ತುಂಡ ತುಂಡ ಬರಾಕತ್ತಾವಲ್ಲ.”

ನಾನು ಕುರ್ಚಿಯ ಮೇಲೆ ಕೂತಿದ್ದೆ. ಅರ್ಧ ಗಂಟೆಯಿಂದ ಕೂತೇ ಇದ್ದೆ.

“ಇಲ್ಲವಾ, ಕುಂತೇನಿ,” ಎಂದೆ. ಅಷ್ಟು ಹೇಳುವಷ್ಟರಲ್ಲಿ ಒಮ್ಮೆ ಉಸಿರು ಎಳೆದುಕೊಳ್ಳಬೇಕಾಯಿತು.

ನನಗೆ ನಲವತ್ತೊಂದು ವರ್ಷ. ಮದುವೆಯಾಗಿ ಅಹಮದಾಬಾದಿಗೆ ಬಂದು ಹದಿನಾರು ವರ್ಷವಾಯಿತು. ಗಂಡ ಮಹಾಂತೇಶ ಇಲ್ಲಿನ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಮಗಳು ಈಶಾಗೆ ಹನ್ನೆರಡು. ಮನೆ ಮಣಿನಗರದಲ್ಲಿ, ರೈಲು ನಿಲ್ದಾಣದ ಸದ್ದು ಕೇಳುವಷ್ಟು ಹತ್ತಿರ. ನಾನು ನರೋಡಾದ ಒಂದು ಶಾಲೆಯಲ್ಲಿ ಏಳು ಮತ್ತು ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ಶ್ವಾಸಕೋಶದ ಪಾಠ ಮಾಡುತ್ತೇನೆ. ಬೋರ್ಡಿನ ಮೇಲೆ ಎರಡು ಚೀಲ ಬರೆದು, ಇದರೊಳಗಿನ ಪುಟ್ಟ ಗುಳ್ಳೆಗಳನ್ನೆಲ್ಲ ಬಿಡಿಸಿ ಹಾಸಿದರೆ ನಮ್ಮ ಶಾಲೆಯ ಪ್ರಾರ್ಥನಾ ಅಂಗಳದ ಅರ್ಧ ತುಂಬುತ್ತದೆ ಎನ್ನುತ್ತೇನೆ. ಮಕ್ಕಳು ಬೆರಗಿನಿಂದ ಬಾಯಿ ತೆರೆಯುತ್ತಾರೆ. ನಾನು ಮುಂದಿನ ಪುಟಕ್ಕೆ ಹೋಗುತ್ತೇನೆ.

ಆ ಮಾತಿಗೆ ನಾನೇ ಯಾವತ್ತೂ ಬಾಯಿ ತೆರೆದಿರಲಿಲ್ಲ.

ಬಸ್ಸಿನ ಕಥೆಯನ್ನೂ ಇಲ್ಲೇ ಹೇಳಬೇಕು. ಎರಡು ವರ್ಷದ ಹಿಂದೆ ವಾಯುಮಾಲಿನ್ಯದ ಪಾಠ ನಡೆಯುತ್ತಿದ್ದಾಗ ಧ್ರುವಿ ಎಂಬ ಹುಡುಗಿ ಎದ್ದು ನಿಂತು, “ಟೀಚರ್, ನೀವು ಶಾಲೆಗೆ ಹೇಗೆ ಬರ್ತೀರಿ?” ಎಂದು ಕೇಳಿದಳು. ನನ್ನ ಸ್ಕೂಟರ್ ಕಿಟಕಿಯ ಆಚೆಗೇ ನಿಂತಿತ್ತು. ತರಗತಿಯೆಲ್ಲ ಅದನ್ನೇ ನೋಡಿತು. ಮರುವಾರದಿಂದ ನಾನು ಬಸ್ಸು ಹಿಡಿದೆ. ರಸ್ತೆಯ ನಡುವೆ ಬಸ್ಸಿಗೆಂದೇ ಬೇಲಿ ಹಾಕಿ ಬಿಟ್ಟ ಹಾದಿ, ಅದರಲ್ಲಿ ಹೊಗೆಯೇ ಇಲ್ಲದ ಎಲೆಕ್ಟ್ರಿಕ್ ಬಸ್ಸು. ಶಾಲೆಯಲ್ಲಿ ತಿಂಗಳಿಗೊಮ್ಮೆ ‘ಬಸ್ ದಿನ’ ಶುರು ಮಾಡಿದೆ. ಮಕ್ಕಳ ಕೈಯಲ್ಲಿ ಪೋಸ್ಟರ್ ಬರೆಸಿದೆ. ಬಸ್ಸು ಹತ್ತಿದರೆ ಊರಿನ ಗಾಳಿ ತಿಳಿಯಾಗುತ್ತದೆ ಎಂದು ಮನಸಾರೆ ನಂಬಿದ್ದೆ. ಸ್ವಲ್ಪ ಜಂಬವೂ ಇತ್ತು.

ಅವ್ವನ ಫೋನಿನ ಮರುದಿನದಿಂದ ಕೆಮ್ಮು. ದೀಪಾವಳಿಯ ಪಟಾಕಿ ಹೊಗೆ ಎಂದುಕೊಂಡೆ. ಆಮೇಲೆ ಮೆಟ್ರೋ ಕೆಲಸದ ಧೂಳು ಎಂದುಕೊಂಡೆ. ಓಣಿಯ ಡಾಕ್ಟರು ಸಿರಪ್ ಬರೆದುಕೊಟ್ಟರು, ಕುಡಿದೆ. ತರಗತಿಯಲ್ಲಿ ಪಾಠ ಹೇಳುವುದನ್ನು ಬಿಟ್ಟು ಬೋರ್ಡಿನ ಮೇಲೆ ಹೆಚ್ಚು ಹೆಚ್ಚು ಬರೆಯತೊಡಗಿದೆ. ಎದೆಯಲ್ಲಿ ಸಣ್ಣ ಸಿಳ್ಳೆಯಂಥ ಸದ್ದು. ಈಶಾ ಒಂದು ದಿನ ನನ್ನ ಬೆನ್ನಿಗೆ ಕಿವಿ ಇಟ್ಟು, “ಮಮ್ಮಿ, ಒಳಗೆ ಕೋಯೀ ಸೀಟಿ ಬಜಾ ರಹಾ ಹೈ,” ಯಾರೋ ಸಿಳ್ಳೆ ಹೊಡೆಯುತ್ತಿದ್ದಾರೆ ಎಂದು ನಕ್ಕಳು. ನಾನೂ ನಕ್ಕೆ.

ಡಿಸೆಂಬರಿನ ಒಂದು ಮಂಗಳವಾರ.

ನಮ್ಮ ಶಾಲೆಗೆ ಎರಡು ಪಾಳಿ, ನನ್ನದು ಬೆಳಗಿನದು. ಬೆಳಕು ಆಗಷ್ಟೇ ಹರಿಯುತ್ತಿತ್ತು. ಚಳಿಗಾಲದ ಮುಂಜಾನೆ ಇಲ್ಲಿ ಹೊಗೆ ಮೇಲೇಳುವುದಿಲ್ಲ, ನೆಲಕ್ಕೆ ಅಂಟಿಕೊಂಡು ಕೂತಿರುತ್ತದೆ. ಬಸ್ ನಿಲ್ದಾಣ ಇರುವುದು ರಸ್ತೆಯ ನಟ್ಟನಡುವೆ. ಎಡಕ್ಕೊಂದು ಲಾರಿಗಳ ಸಾಲು, ಬಲಕ್ಕೊಂದು. ನಡುವಿನ ಕಟ್ಟೆಯ ಮೇಲೆ ನಾವು. ಅವತ್ತು ಬಸ್ಸು ತಡವಾಯಿತು. ಕೆಮ್ಮುತ್ತ ನಿಂತಿದ್ದೆ. ಬಸ್ಸು ಬಂತು, ಹತ್ತಿದೆ, ಸೀಟು ಸಿಕ್ಕಿತು. ಪಕ್ಕದಲ್ಲಿ ಕೋಕಿಲಾಬೆನ್. ನರೋಡಾದ ಒಂದು ಪ್ಯಾಕಿಂಗ್ ಕಾರ್ಖಾನೆಯಲ್ಲಿ ಕೆಲಸ ಮಾಡುವ ಐವತ್ತರ ಹೆಂಗಸು. ಎರಡು ವರ್ಷದಿಂದ ಮುಗುಳ್ನಗೆಯ ಪರಿಚಯ, ಹೆಚ್ಚೆಂದರೆ ಕೂದಲಿಗೆ ಹಚ್ಚುವ ಎಣ್ಣೆಯ ಮಾತು.

ಎರಡು ನಿಲ್ದಾಣ ದಾಟಿದವು. ಎದೆಗೆ ಹಗ್ಗ ಬಿಗಿದಂತಾಯಿತು.

ಉಸಿರಾಟದ ಕಷ್ಟವೆಂದರೆ ಗಾಳಿ ಒಳಗೆ ಹೋಗದಿರುವುದು ಎಂದುಕೊಂಡಿದ್ದೆ. ಹಾಗಲ್ಲ. ಹೊರಗೆ ಬರುವುದಿಲ್ಲ. ಒಳಗಿರುವ ಹಳೆಯ ಗಾಳಿಯೇ ಜಾಗ ಬಿಡುವುದಿಲ್ಲ, ಹೊಸದು ಬಾಗಿಲಲ್ಲೇ ನಿಲ್ಲುತ್ತದೆ. ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿದೆ. ಕೋಕಿಲಾಬೆನ್ ಏನೋ ಕೇಳಿದರು. ಉತ್ತರಿಸಲು ಒಂದು ಶಬ್ದದಷ್ಟೂ ಗಾಳಿ ಇರಲಿಲ್ಲ.

ಅವರು ನೀಲಿಗಟ್ಟಿದ ನನ್ನ ಉಗುರು ನೋಡಿದರು. ಆಮೇಲೆ ಎದ್ದು ಕೂಗಿದ ಕೂಗು ಇಡೀ ಬಸ್ಸಿಗೆ ಕೇಳಿಸಿತು.

ಮುಂದಿನದು ನನಗೆ ನೆನಪಿರುವುದು ತುಣುಕು ತುಣುಕಾಗಿ. ಯಾರೋ ಕಿಟಕಿ ಸರಿಸಿದರು, ಇನ್ಯಾರೋ ಬೇಡವೆಂದು ಮುಚ್ಚಿದರು. ಒಬ್ಬ ಯುವತಿ ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದ್ದಳು. ಬರುತ್ತಿದೆ, ಆದರೆ ಟ್ರಾಫಿಕ್ಕಿನಲ್ಲಿದೆ ಎಂದಳು. ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿದ. ದೊಡ್ಡ ಆಸ್ಪತ್ರೆಯ ನಿಲ್ದಾಣಕ್ಕೆ ಇನ್ನೂ ನಾಲ್ಕು ಸ್ಟಾಪು. ಅವನ ದನಿ ಕೇಳಿಸಿತು.

“ಬೀಚ್ ಮೇ ಕಹೀ ನಹೀ ರೋಕೂಂಗಾ. ಕಿಸೀ ಕೋ ತಕಲೀಫ್ ಹೈ?”

ನಡುವೆ ಎಲ್ಲೂ ನಿಲ್ಲಿಸುವುದಿಲ್ಲ, ಯಾರಿಗಾದರೂ ತೊಂದರೆಯೇ ಎಂದು ಅವನು ಕೇಳಿದ್ದು. ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲರೂ ಪಾಳಿಗೆ ಹೊರಟವರು, ಒಂದು ನಿಮಿಷ ತಡವಾದರೆ ಗೇಟಿನಲ್ಲಿ ಬೈಸಿಕೊಳ್ಳುವವರು.

“ಜವಾ ದೋ, ಭಾಯಿ!” ಹಿಂದಿನಿಂದ ಒಂದು ಗಂಡಸಿನ ದನಿ. ನಡೀಲಿ, ಹೋಗು. ಆಮೇಲೆ ಅದೇ ಮಾತು ಹತ್ತು ಕಡೆಯಿಂದ.

ಬಸ್ಸು ನಿಲ್ಲದೆ ಓಡಿತು.

ಆ ನಾಲ್ಕು ನಿಲ್ದಾಣಗಳನ್ನು ನಾನು ಮರೆಯಲಾರೆ. ಗಾಜಿನ ಬಾಗಿಲ ಹಿಂದೆ ಕಾಯುತ್ತಿದ್ದವರ ಮುಖಗಳು ಬಂದವು, ಹೋದವು. ಇಳಿಯಬೇಕಾದವರು ನನ್ನ ಸುತ್ತಲೇ ನಿಂತಿದ್ದರು. ತಮ್ಮ ಸ್ಟಾಪು ದಾಟಿ ಹೋಗುವುದನ್ನು ನೋಡುತ್ತ. ಕೋಕಿಲಾಬೆನ್ ನನ್ನ ಬೆನ್ನ ಮೇಲೆ ಅಂಗೈ ಇಟ್ಟು, “ಗಭರಾಶೋ ನಹಿ, ಬೆನ್, ಗಭರಾಶೋ ನಹಿ,” ಎನ್ನುತ್ತಿದ್ದರು. ಹೆದರಬೇಡಿ ಎಂದು.

ಆಸ್ಪತ್ರೆಯೇನೋ ಬಂತು. ಆದರೆ ನಿಲ್ದಾಣ ರಸ್ತೆಯ ನಡುವೆ, ಆಸ್ಪತ್ರೆ ಆಚೆ ಬದಿಗೆ. ಬಸ್ಸಿನ ಬಾಗಿಲು ತೆರೆಯುವುದು ಆ ಎತ್ತರದ ಕಟ್ಟೆಗೆ ಮಾತ್ರ, ರಸ್ತೆಗಲ್ಲ. ನಡುವೆ ಲಾರಿ, ಆಟೋ, ಸ್ಕೂಟರುಗಳ ಹೊಳೆ. ಇಬ್ಬರು ಕೈಗೆ ಕೈ ಹೆಣೆದು ನನ್ನನ್ನು ಅದರ ಮೇಲೆ ಕೂರಿಸಿಕೊಂಡರು. ತಲೆ ಎತ್ತಿದಾಗ ಕಂಡದ್ದು ಇದು: ಬಸ್ಸಿನಿಂದ ಇಳಿದ ಹೆಂಗಸರು, ಗಂಡಸರು ಊಟದ ಡಬ್ಬಿ ಹಿಡಿದುಕೊಂಡೇ ರಸ್ತೆಗೆ ನುಗ್ಗಿ, ಅಡ್ಡಲಾಗಿ ಕೈ ಚಾಚಿ ಎರಡು ಸಾಲು ನಿಂತಿದ್ದರು. ಯಾರೂ ಹಾರ್ನ್ ಹೊಡೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಡೆದರು. ಆದರೆ ನಿಂತರು. ಆ ಅಗಲ ರಸ್ತೆ ನನಗೋಸ್ಕರ ನಿಂತಿತು. ಆ ಸಾಲಿನ ನಡುವೆ ನನ್ನನ್ನು ದಾಟಿಸಿದರು.

ಅವರಲ್ಲಿ ಒಬ್ಬರಿಗೂ ನನ್ನ ಹೆಸರು ಗೊತ್ತಿರಲಿಲ್ಲ.

ಕ್ಯಾಶುವಾಲಿಟಿಯಲ್ಲಿ ಬೆರಳಿಗೆ ಕ್ಲಿಪ್ ಹಾಕಿದ ನರ್ಸ್ ರಕ್ತದ ಆಮ್ಲಜನಕದ ಸ್ಯಾಚುರೇಶನ್ ಓದಿ ಡಾಕ್ಟರನ್ನು ಕೂಗಿದಳು. ನೆಬ್ಯುಲೈಸರ್, ಇಂಜೆಕ್ಷನ್, ಆಕ್ಸಿಜನ್. ಆಮೇಲೆ ಐಸಿಯು. ಮುಖಕ್ಕೆ ಬಿಗಿದ ಬೈಪ್ಯಾಪ್ ಮಾಸ್ಕು ಗಾಳಿಯನ್ನು ನೂಕುತ್ತಿತ್ತು, ಎದೆ ಏರುತ್ತಿತ್ತು, ಇಳಿಯುತ್ತಿತ್ತು. ಎರಡು ದಿನ ಅದನ್ನು ನೋಡುತ್ತ ಮಲಗಿದ್ದೆ. ಮಾಡಲು ಬೇರೆ ಕೆಲಸವಿರಲಿಲ್ಲ. ಹುಟ್ಟಿದ ಗಳಿಗೆಯಿಂದ ನಲವತ್ತೊಂದು ವರ್ಷ, ನಾನು ಅಡುಗೆ ಮಾಡುವಾಗ, ಜಗಳವಾಡುವಾಗ, ಹೆರುವಾಗ, ನಿದ್ದೆಹೋದಾಗ, ಈ ಕೆಲಸ ಒಂದು ಬಾರಿಯೂ ನನ್ನನ್ನು ಕೇಳದೆ ನಡೆದುಕೊಂಡು ಬಂದಿತ್ತು. ಅಂಗಳದ ಅರ್ಧದಷ್ಟು ದೊಡ್ಡದಾದ, ಸೋಪಿನ ಗುಳ್ಳೆಯಷ್ಟು ತೆಳುವಾದ ಒಂದು ಹಾಸನ್ನು ಯಾರೋ ಮಡಚಿ ಮಡಚಿ ನನ್ನ ಪಕ್ಕೆಲುಬುಗಳೊಳಗೆ ಇಟ್ಟು, ಊರಿನ ಗಾಳಿಗೆಲ್ಲ ತೆರೆದಿಟ್ಟಿದ್ದರು. ಲಾರಿಯ ಹೊಗೆಗೂ, ಚಿಮಣಿಯ ಹೊಗೆಗೂ, ಧೂಳಿಗೂ. ಇಷ್ಟು ವರ್ಷ ಅದು ತಾಳಿಕೊಂಡಿದ್ದೇ ಹೆಚ್ಚು. ಕಣ್ಣಲ್ಲಿ ನೀರು ಬಂತು. ನರ್ಸ್ ನೋವಾಗುತ್ತಿದೆಯೇ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ನೋವಲ್ಲ. ಅದನ್ನು ಏನೆನ್ನಬೇಕೋ ಇವತ್ತಿಗೂ ಗೊತ್ತಿಲ್ಲ.

ವಾರ್ಡಿಗೆ ಬಂದ ಮೇಲೂ ಮಾತಾಡಬಾರದೆಂದಿದ್ದರು. ಅವ್ವನ ಫೋನು ಬಂದಾಗ ಈಶಾ ತೆಗೆದುಕೊಂಡಳು. ಅಜ್ಜಿಯ ಜೊತೆ ಯಾವಾಗಲೂ ಹೂಂ, ಉಹೂಂ ಎರಡರಲ್ಲೇ ಮುಗಿಸುವ ಹುಡುಗಿ. ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದಿಲ್ಲ.

“ಅಜ್ಜಿ, ಮಮ್ಮಿ ಚೆನ್ನಾಗಿ ಇದೆ,” ಎಂದಳು. “ಉಸಿರು... ಥೋಡಾ ಥೋಡಾ ಬರ್ತದೆ. ನೀನು ರೋನಾ ಬ್ಯಾಡ. ನಾನು ಇಲ್ಲಿ ಇದೆ.”

ಆ ಕಡೆ ಅವ್ವ ಅಳುತ್ತಲೇ ನಗುತ್ತಿರುವುದು ನನಗೂ ಕೇಳಿಸಿತು.

ಎದೆರೋಗದ ಡಾಕ್ಟರ್ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ಆಸ್ತಮಾ ಎಂದರು. ಈ ವಯಸ್ಸಿನಲ್ಲಿ ಹೊಸದಾಗಿ ಬರುತ್ತದೆಯೇ ಎಂದು ಮಹಾಂತೇಶ ಕೇಳಿದರು. ಬರುತ್ತದೆ, ಒಳಗೆ ಮೊದಲೇ ಅದರ ಬೀಜವಿದ್ದಿರಬಹುದು, ಈ ಗಾಳಿ ಅದನ್ನು ಎಬ್ಬಿಸಿರಬಹುದು, ಇಷ್ಟೇ ಕಾರಣವೆಂದು ಬೆರಳು ಮಾಡಿ ತೋರಿಸಲು ಆಗುವುದಿಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, ಕೆಲಸಕ್ಕೆ ಹೇಗೆ ಹೋಗುತ್ತೀರಿ ಎಂದು ಹಿಂದಿಯಲ್ಲಿ ಕೇಳಿದರು.

“ಬಸ್ಸಿನಲ್ಲಿ,” ಎಂದೆ. ಹಾಸಿಗೆಯ ಮೇಲೂ ಆ ಜಂಬ ಪೂರ್ತಿ ಹೋಗಿರಲಿಲ್ಲ.

“ಬಸ್ಸು ಒಳ್ಳೆಯದು. ಆದರೆ ಬಸ್ಸಿಗಾಗಿ ಎಲ್ಲಿ ನಿಲ್ಲುತ್ತೀರಿ? ಇಳಿದು ಎಷ್ಟು ದೂರ, ಯಾವ ರಸ್ತೆಯಲ್ಲಿ ನಡೆಯುತ್ತೀರಿ?”

ಯಾರೂ ಕೇಳದ ಪ್ರಶ್ನೆ. ನಾನೂ ಕೇಳಿಕೊಂಡಿರಲಿಲ್ಲ. ಕಟ್ಟೆಯ ಮೇಲೆ ಹತ್ತು ನಿಮಿಷ, ಇಳಿದ ಮೇಲೆ ಕಾರ್ಖಾನೆಗಳ ಲಾರಿ ರಸ್ತೆಯಲ್ಲಿ ಕಾಲು ಗಂಟೆ. ದಿನಕ್ಕೆ ಎರಡು ಸಲ. ಎರಡು ವರ್ಷ.

ಒಂಬತ್ತನೆಯ ದಿನ ಮನೆಗೆ ಬಂದೆ. ಮೆಟ್ಟಿಲ ಮೇಲೆ ಮೂರು ಕಡೆ ಕೂತೆ.

ಮಹಾಂತೇಶ ತಮ್ಮ ಸಂಸ್ಥೆಯಿಂದ ಅಂಗೈಯಗಲದ ಒಂದು ಮೀಟರ್ ತಂದರು. ಗಾಳಿ ಒಳ್ಳೆಯದಿದ್ದರೆ ಅದರ ದೀಪ ಹಸಿರು, ಕೆಡುತ್ತ ಹೋದಂತೆ ಹಳದಿ, ಕಿತ್ತಳೆ, ಕೆಂಪು, ಕೊನೆಗೆ ನೇರಳೆ. ಚೂರು ಓಡಾಡುವಂತಾದ ಮೇಲೆ ಒಂದು ಬೆಳಿಗ್ಗೆ ಮಾಸ್ಕು ಹಾಕಿಕೊಂಡು ಇಬ್ಬರೂ ನನ್ನ ಹಾದಿಯಲ್ಲೇ ಹೊರಟೆವು. ಮನೆಯಲ್ಲಿ ಕಿತ್ತಳೆ. ನಿಲ್ದಾಣದ ಕಟ್ಟೆಯಲ್ಲಿ ನೇರಳೆ. ಬಸ್ಸಿನೊಳಗೆ ಕೆಂಪು. ಬಾಗಿಲು ತೆರೆದಾಗಲೆಲ್ಲ ನೇರಳೆಯ ಕಡೆಗೆ ಜಾರುತ್ತಿತ್ತು. ನಮ್ಮ ಬಸ್ಸು ಹೊಗೆ ಬಿಡುವುದಿಲ್ಲ ನಿಜ, ಆದರೆ ಅಕ್ಕಪಕ್ಕದವರು ಬಿಟ್ಟದ್ದನ್ನು ತಡೆಯಲಾರದು. ಲಾರಿ ರಸ್ತೆಯಲ್ಲಿ ದೀಪ ನೇರಳೆಯಿಂದ ಅಲ್ಲಾಡಲಿಲ್ಲ.

ಬರುವಾಗ ಮಹಾಂತೇಶರ ಸಹೋದ್ಯೋಗಿಯ ಕಾರಿನಲ್ಲಿ ಬಂದೆವು. ಗಾಜು ಏರಿಸಿ ಎಸಿ ಹಾಕಿದರು. ಐದು ನಿಮಿಷದಲ್ಲಿ ದೀಪ ಹಳದಿಗೆ ಬಂತು.

ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಹೊಗೆ ಬಿಡುವ ಗಾಡಿಯ ಒಳಗೆ ಗಾಳಿ ಚೊಕ್ಕ. ಹೊಗೆ ಬಿಡದೆ ಕಾಯುತ್ತ ನಿಂತವರ ಎದೆಯೊಳಗೆ ಅದರ ಹೊಗೆ.

“ಶೈಲಾ, ನಾವೂ ಒಂದು ಕಾರ್ ತಗೊಳ್ಳೂಣು,” ಎಂದರು ಮಹಾಂತೇಶ ಮನೆಗೆ ಬಂದ ಮೇಲೆ.

“ಮತ್ತ ಬಸ್ ದಿನ? ಮಕ್ಕಳ ಮುಂದ ಏನಂತ ಹೇಳ್ಲಿ ರೀ?”

“ನೀ ಇದ್ರ ತಾನ ಮಕ್ಕಳ ಮುಂದ ನಿಂದ್ರೂದು?” ಹದಿನಾರು ವರ್ಷದಲ್ಲಿ ಆ ಮನುಷ್ಯನ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. “ಅವತ್ತ ಆ ಬಸ್ಸು ನಿಂತಿದ್ರ ಏನಾಗ್ತಿತ್ತು, ಹೇಳು.”

ಮುಚ್ಚಿಡುವುದೇಕೆ, ಕಾರು ತೆಗೆದುಕೊಂಡೆವು. ಹಳೆಯದು. ಮನೆಯಲ್ಲೇ ದೀಪ ನೇರಳೆ ತೋರಿಸುವ ದಿನಗಳಿಗೆ ಮಾತ್ರ ಎಂದು ಮಾತಾಯಿತು. ಉಳಿದ ದಿನಗಳಿಗೆ ಬೇರೆ ಏರ್ಪಾಡು ಹುಡುಕಬೇಕಿತ್ತು. ಶಾಲೆಯಲ್ಲಿ ಕೇಳಿ ಮಧ್ಯಾಹ್ನದ ಪಾಳಿಗೆ ಬದಲಾಯಿಸಿಕೊಂಡೆ. ಬಿಸಿಲೇರಿದ ಮೇಲೆ ಹೊಗೆ ನೆಲ ಬಿಟ್ಟು ಮೇಲೇಳುತ್ತದೆ. ಇನ್ನೊಂದು ದಾರಿ ತೋರಿಸಿದ್ದು ಕೋಕಿಲಾಬೆನ್. ಆಸ್ಪತ್ರೆಯಲ್ಲಿ ಎರಡು ಸಲ ನೋಡಲು ಬಂದಿದ್ದರು. ಮೊದಲ ಸಲ ನನ್ನ ಹೆಸರು ಕೇಳಿ ಬರೆದುಕೊಂಡಿದ್ದರು. ಬಸ್ಸಿನವರೆಲ್ಲ ದಿನಾ ಕೇಳುತ್ತಾರೆ, ಟೀಚರ್‌ಬೆನ್ ಎಂದಷ್ಟೇ ಹೇಳಿದರೆ ಸಾಲುತ್ತಿಲ್ಲ ಎಂದರು.

ನಾನು ಮತ್ತೆ ಬಸ್ಸು ಹತ್ತಿದ ದಿನ ಅವರು ರಜೆ ಹಾಕಿ ಜೊತೆಗೆ ಬಂದರು. ಇಳಿದ ಮೇಲೆ ಲಾರಿ ರಸ್ತೆಗೆ ಹೋಗಗೊಡದೆ, ಮನೆಗಳ ಒಂದು ಸೊಸೈಟಿಯ ಗೇಟಿನೊಳಗೆ ಕರೆದೊಯ್ದರು. ಮನೆಗಳ ಹಿಂದಿನ ಓಣಿ, ಬೇವಿನ ಮರಗಳು, ಒಣಹಾಕಿದ ಬಟ್ಟೆಗಳು. ಹತ್ತು ನಿಮಿಷ ಹೆಚ್ಚು ನಡಿಗೆ. ಚೀಲದಿಂದ ಮೀಟರ್ ತೆಗೆದು ನೋಡಿದೆ. ಕಿತ್ತಳೆ. ಲಾರಿ ರಸ್ತೆಗೂ ಇದಕ್ಕೂ ನಡುವೆ ಇದ್ದದ್ದು ಒಂದೇ ಸಾಲು ಮನೆ. ಒಂದು ಸಾಲು ಮನೆ ಇಷ್ಟು ಮಾಡುತ್ತದೆಯೇ ಎಂದು ಓಣಿಯಲ್ಲಿ ನಿಂತುಬಿಟ್ಟೆ. ಆಮೇಲೆ ನೆನಪಾಯಿತು, ಆ ಸಾಲಿನ ಮನೆಗಳಲ್ಲೂ ಜನರಿದ್ದಾರೆ, ಅವರ ಮುಂಬಾಗಿಲು ಲಾರಿಗಳ ಕಡೆಗಿದೆ.

ತರಗತಿಗೆ ಹೋದ ಮೊದಲ ದಿನ ಮಕ್ಕಳಿಗೆ ಎಲ್ಲವನ್ನೂ ಹೇಳಿದೆ. ಕೂತೇ ಹೇಳಿದೆ, ನಿಲ್ಲಿಸಿ ನಿಲ್ಲಿಸಿ. ಬಸ್ಸು ಹತ್ತಿದರೆ ಗಾಳಿ ತಿಳಿಯಾಗುತ್ತದೆ ಎಂದು ನಾನು ಕಲಿಸಿದ್ದು ಅರ್ಧ ಪಾಠವಾಗಿತ್ತು ಎಂದೆ. ಕಾರಿನ ವಿಷಯವನ್ನೂ ಹೇಳಿದೆ. ಬೆಳಗಿನ ಪಾಳಿಯ ಧ್ರುವಿ, ಈಗ ಒಂಬತ್ತನೆಯ ತರಗತಿ, ನನ್ನನ್ನು ಮಾತಾಡಿಸಲೆಂದೇ ಉಳಿದುಕೊಂಡು ಬಾಗಿಲಲ್ಲಿ ನಿಂತಿದ್ದಳು.

“ಟೀಚರ್, ಹಾಗಾದರೆ ಬಸ್ ದಿನ ಬಂದ್ ಮಾಡೋಣವಾ?”

“ಬೇಡ. ಬಸ್ಸು ಇಲ್ಲದಿದ್ದರೆ ಇದು ಇನ್ನೂ ಕೆಡುತ್ತದೆ. ಆದರೆ ಲಾರಿ ಇದೆ, ಚಿಮಣಿ ಇದೆ, ಅಗೆದು ಬಿಟ್ಟ ಮಣ್ಣಿದೆ, ಚಳಿಗಾಲವಿದೆ. ಬಸ್ಸೊಂದರ ಹೆಗಲ ಮೇಲೆ ಅಷ್ಟನ್ನೂ ಹೊರಿಸಿ ನಾನು ಸುಮ್ಮನಾಗಿಬಿಟ್ಟಿದ್ದೆ.”

ಅವಳು ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ. ನನ್ನ ನೀರಿನ ಬಾಟಲಿ ಹತ್ತಿರ ಸರಿಸಿಕೊಟ್ಟು ಹೋದಳು.

ಒಂದು ಕೆಲಸ ಉಳಿದಿತ್ತು. ಆ ಡ್ರೈವರಿಗೆ ನಾನು ಧನ್ಯವಾದ ಹೇಳಿರಲಿಲ್ಲ. ಅವರ ಹೆಸರು ಭರತ್‌ಭಾಯಿ ಎಂದೂ, ಎರಡನೆಯ ಪಾಳಿಗೆ ಬದಲಾಗಿದ್ದಾರೆಂದೂ ಕೋಕಿಲಾಬೆನ್ ವಿಚಾರಿಸಿ ತಿಳಿಸಿದರು. ಫೆಬ್ರವರಿಯ ಒಂದು ಮಧ್ಯಾಹ್ನ ಕೊನೆಯ ನಿಲ್ದಾಣದಲ್ಲಿ ಸಿಕ್ಕರು. ಮಾಸ್ಕು ತೆಗೆದು, ಹಿಂದಿಯಲ್ಲಿ ಪರಿಚಯ ಹೇಳಿಕೊಂಡೆ. ಅವರಿಗೆ ನನ್ನ ಮುಖ ಗುರುತಾಗಲಿಲ್ಲ. ಅವತ್ತು ಕನ್ನಡಿಯಲ್ಲಿ ನಿಮ್ಮ ತಲೆಗೂದಲು ಮಾತ್ರ ಕಾಣುತ್ತಿತ್ತು ಎಂದರು. ನಿಲ್ದಾಣ ಬಿಟ್ಟು ಓಡಿಸಿದ್ದಕ್ಕೆ ಡಿಪೋದಲ್ಲಿ ವಿವರಣೆ ಬರೆದುಕೊಡಬೇಕಾಯಿತಂತೆ. ಅದನ್ನೂ ನಗುತ್ತಲೇ ಹೇಳಿದರು.

ನಗು ಕೆಮ್ಮಾಯಿತು. ಕೆಮ್ಮು ಬೇಗ ನಿಲ್ಲಲಿಲ್ಲ.

ಸುಧಾರಿಸಿಕೊಂಡು, ಸ್ವಲ್ಪ ನಾಚಿಕೆಯಿಂದ ಕೇಳಿದರು: “ಮೇಡಂ, ಆಪ್ ಕೌನ್ ಸೇ ಡಾಕ್ಟರ್ ಕೋ ದಿಖಾತೇ ಹೋ?” ನೀವು ಯಾವ ಡಾಕ್ಟರಿಗೆ ತೋರಿಸುತ್ತೀರಿ ಎಂದು.

ನಾನು ದಿನಕ್ಕೆ ಒಂದೆರಡು ಗಂಟೆ ಆ ರಸ್ತೆಯಲ್ಲಿದ್ದವಳು. ಈ ಮನುಷ್ಯ ಎಂಟು ಗಂಟೆ, ಒಂಬತ್ತು ವರ್ಷದಿಂದ.

ಮುಂದಿನ ಗುರುವಾರ ಅವರನ್ನು ನನ್ನ ಡಾಕ್ಟರ ಬಳಿ ಕರೆದುಕೊಂಡು ಹೋದೆ. ನನಗೂ ಅವತ್ತೇ ಚೆಕಪ್ ಇತ್ತು. ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿಯ ಕೊಳವೆ ಊದಿ ಬಂದೆ. ಮೊದಲಿನಷ್ಟು ಬಲ ಬಹುಶಃ ಮರಳುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರ್. ಆಗಲಿ ಎಂದೆ. ಇರುವುದೇ ಎಷ್ಟು ದೊಡ್ಡದೆಂದು ಈಗ ಗೊತ್ತಿದೆ. ಭರತ್‌ಭಾಯಿ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ನಾನು ಹೊರಗಿನ ಬೆಂಚಿನಲ್ಲಿ, ಮಹಾಂತೇಶ ಐಸಿಯು ಹೊರಗೆ ಕೂತಿದ್ದರಂತಲ್ಲ, ಹಾಗೆಯೇ ಕೈ ಮಡಚಿಕೊಂಡು ಕೂತಿದ್ದೆ. ಬಂದವರು ಚೀಟಿ ತೋರಿಸಿದರು. ಶ್ವಾಸನಾಳಗಳು ಚೂರು ಕಿರಿದಾಗಿವೆಯಂತೆ, ಬೇಗ ಗೊತ್ತಾದದ್ದು ಒಳ್ಳೆಯದಾಯಿತಂತೆ, ಎರಡು ಹೊತ್ತು ಇನ್‌ಹೇಲರ್.

ವಾಪಸು ಬಸ್ಸಿನಲ್ಲೇ ಬಂದೆವು. ಸೀಟು ಸಿಕ್ಕಿತು. ಅವರನ್ನು ಕಿಟಕಿಯ ಬದಿಗೆ ಕೂರಿಸಿದೆ. ಸ್ವಲ್ಪ ಹೊತ್ತು ಅಭ್ಯಾಸಬಲದಿಂದ ಮುಂದಿನ ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ ನಿಧಾನವಾಗಿ ಪಕ್ಕಕ್ಕೆ ತಿರುಗಿದರು. ಒಂದು ಹಳೆಯ ಗಿರಣಿಯ ಗೋಡೆ, ಅದರ ಬಿರುಕಿನಲ್ಲಿ ಬೆಳೆದು ಕೆಂಪು ಚಿಗುರು ಬಿಟ್ಟ ಅರಳಿಗಿಡ, ಗಾಳಿಪಟ ಸಿಕ್ಕಿಕೊಂಡ ತಂತಿಗಳು, ಬಾಲ್ಕನಿಯಲ್ಲಿ ಕೂದಲು ಒಣಗಿಸುತ್ತಿದ್ದ ಒಬ್ಬ ಮುದುಕಿ.

“ಒಂಬತ್ತು ವರ್ಷ ಇದೇ ದಾರಿ,” ಎಂದರು ಹಿಂದಿಯಲ್ಲಿ. “ಈ ಕಡೆ ತಿರುಗಿ ನೋಡಿಯೇ ಇರಲಿಲ್ಲ.”

ಬಸ್ಸು ತನ್ನ ಎಲ್ಲ ನಿಲ್ದಾಣಗಳಲ್ಲೂ ನಿಲ್ಲುತ್ತ ಹೋಯಿತು. ಜನ ಹತ್ತಿದರು, ಇಳಿದರು. ಇಬ್ಬರೂ ಕಿಟಕಿಯಾಚೆ ನೋಡುತ್ತ ಕೂತೆವು.